ಊರಿನ ಹೊಲ, ತೀರಿಹೋದವರ ಹೆಸರು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ವಿಭಜನೆಗೊಂಡು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಅಂದಿನಿಂದ ಈ ನಗರದ ಅನೇಕ ಕನ್ನಡಿಗರಿಗೆ ಮನೆ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದು ರಾಜ್ಯದಲ್ಲಿ. ಹಿರಿಯರು ದಿಲ್‌ಸುಖ್‌ನಗರದಲ್ಲಿ ಕಣ್ಮುಚ್ಚುತ್ತಾರೆ. ಊರಿನ ಪಹಣಿ ಮಾತ್ರ ವರ್ಷಾನುಗಟ್ಟಲೆ ಅವರ ಹೆಸರಿನಲ್ಲಿಯೇ ಉಳಿಯುತ್ತದೆ. ತಂದೆಯವರ ಎಕ್ಸ್‌ರೇ, ಔಷಧದ ಚೀಟಿಗಳನ್ನು ಜೋಪಾನವಾಗಿಟ್ಟ ಮಕ್ಕಳಿಗೆ ಅವರ ಹೊಲದ ಸರ್ವೆ ನಂಬರು ತಿಳಿದಿರುವುದಿಲ್ಲ!

"ಅಣ್ಣ ಉಳುತ್ತಿದ್ದಾನೆ, ಅವಸರವೇನು?" ಎಂಬುದು ಸೌಜನ್ಯದ ಮಾತೇ ಸರಿ. ಆದರೆ ಅದರಿಂದ ಮೊದಲು ಕಷ್ಟಕ್ಕೀಡಾಗುವವನು ಆ ಅಣ್ಣನೇ. ಮೃತರ ಹೆಸರಿನ ಪಹಣಿಯ ಮೇಲೆ ಅವನಿಗೆ ಬೆಳೆಸಾಲ ಹುಟ್ಟುವುದು ಕಷ್ಟ. ಹೊಲವು ಸರಕಾರದ ಯೋಜನೆಗೆ ಹೋದರೆ ಪರಿಹಾರಧನಕ್ಕೂ ಅಲೆದಾಟ. ಈ ನಡುವೆ ವಾರಸುದಾರರಲ್ಲೊಬ್ಬರು ತೀರಿಕೊಂಡರೆ ಅವರ ಮಡದಿ ಮಕ್ಕಳೆಲ್ಲರ ಸಹಿಯೂ ಬೇಕಾಗುತ್ತದೆ.

ವಾರಸಾ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 128ನೆಯ ಪ್ರಕರಣ ಹೇಳುತ್ತದೆ. ತಡವಾದವರೂ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಬಹುದು. ಮುಖ್ಯವಾಗಿ ಬೇಕಾದುವು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ಮರಣವು ಹೈದರಾಬಾದಿನಲ್ಲಿ ಸಂಭವಿಸಿದ್ದರೆ ಪ್ರಮಾಣಪತ್ರ ಸಿಗುವುದು ಇಲ್ಲಿಯೇ, ಊರಿನಲ್ಲಲ್ಲ. ಇಲ್ಲಿನ ರೂಢಿಯಂತೆ ಮನೆತನದ ಹೆಸರನ್ನು ಮುಂದಿಟ್ಟು ಬರೆಸಿದರೆ ಅದು ಪಹಣಿಯ ಹೆಸರಿಗೆ ತಾಳೆಯಾಗದೆ ಪೇಚಾಟವಾದೀತು, ಬರೆಸುವಾಗಲೇ ಎಚ್ಚರವಿರಲಿ.

ಇವೆಲ್ಲಕ್ಕಿಂತ ಖಂಡನೀಯವಾದದ್ದು ವಂಶವೃಕ್ಷದಿಂದ ಹೆಣ್ಣುಮಕ್ಕಳ ಹೆಸರನ್ನು ಕೈಬಿಡುವ ಚಾಳಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂಬುದು 2005ರ ತಿದ್ದುಪಡಿಯಿಂದ ದೇಶಕ್ಕೆಲ್ಲ ಅನ್ವಯವಾಯಿತು. ಆ ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಬೇಕಾಗಿರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. "ಅಕ್ಕ ತನಗೆ ಬೇಡವೆಂದಿದ್ದಾಳೆ" ಎಂದರೆ ಸಾಲದು. ನಿಜವಾಗಿಯೂ ಬೇಡವಾದರೆ ಅವಳೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ಬರೆದುಕೊಡಲಿ. ಅವಳನ್ನು ಕೇಳದೆಯೇ ಹೆಸರನ್ನು ಮರೆಮಾಚುವವರು ತವರಿನ ಬಾಗಿಲನ್ನೂ ನ್ಯಾಯಾಲಯದ ದಾರಿಯನ್ನೂ ಒಂದುಗೂಡಿಸುತ್ತಾರೆ. ಖಾತೆಯಲ್ಲಿ ಒಬ್ಬರ ಹೆಸರೇ ಕುಳಿತಮಾತ್ರಕ್ಕೆ ಉಳಿದವರ ಹಕ್ಕು ಅಳಿಯದು. ಖಾತೆಯು ಕಂದಾಯದ ದಾಖಲೆಯೇ ಹೊರತು ಒಡೆತನದ ತೀರ್ಪಲ್ಲ. ಪಾಲುಪಾರಿಕತ್ತು ಬೇರೆಯೇ ಆಗಬೇಕು.

ಪಂಚಮಿ ಹಬ್ಬಕ್ಕೆ ಅಕ್ಕತಂಗಿಯರು ತವರಿಗೆ ಬಂದೇ ಬರುತ್ತಾರೆ. ಆ ದಿನಗಳಲ್ಲಿ ಇಲ್ಲಿಂದ ಊರಿಗೆ ಹೋಗುವವರು ಉಂಡೆ, ಜೋಕಾಲಿಗಳ ನಡುವೆ ಒಂದು ಗಂಟೆ ಬಿಡುವು ಮಾಡಿಕೊಂಡು, ಪಹಣಿಯನ್ನು ಎಲ್ಲರ ಮುಂದಿಟ್ಟು ಓದಲಿ.