ಕೊಂಡಿ ಬೆಸೆದವರು ಯಾರು?

ಅಕ್ಷರ ಕೂಡಿಸಿ ಓದಬಲ್ಲವನು ಸಾಕ್ಷರನೆಂಬ ಮಾತು ಇಂದು ಸಾಲದು. ‘ವಚನ ಸಂಚಯ’ ಜಾಲತಾಣದಲ್ಲಿ ‘ಕೆರೆ’ ಎಂದು ಹುಡುಕಿದರೆ ಆ ಪದವುಳ್ಳ ವಚನಗಳು ಕ್ಷಣದಲ್ಲಿ ಸಾಲುಗಟ್ಟುತ್ತವೆ. ಸೊನ್ನಲಿಗೆಯ ಸಿದ್ಧರಾಮನಿಗೆ ಕೆರೆ ಕಾಯಕ. ಬಸವಣ್ಣನಿಗೆ ಅದೊಂದು ದೃಷ್ಟಾಂತ. ಪಟ್ಟಿಗೆ ಈ ಭೇದವಿಲ್ಲ. ಯಂತ್ರ ಗುರುತಿಸುವುದು ಅಕ್ಷರಗಳ ಜೋಡಣೆಯನ್ನು, ಅರ್ಥವನ್ನಲ್ಲ.

ಇದರಿಂದ ಓದಿನ ಕ್ರಮವೇ ಕೆಟ್ಟಿತೆಂದು ಹಲುಬುವವರಿದ್ದಾರೆ. ವಚನಗಳ ಮಟ್ಟಿಗಂತೂ ಆ ಅಳಲು ಒಪ್ಪತಕ್ಕದ್ದಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ‘ಶೂನ್ಯಸಂಪಾದನೆ’ಯಲ್ಲಿ ಬಿಡಿ ವಚನಗಳನ್ನು ಆಯ್ದು, ಒಬ್ಬರ ಮಾತಿಗೆ ಇನ್ನೊಬ್ಬರ ಮಾತನ್ನು ಉತ್ತರವಾಗಿ ಬೆಸೆದನು. ಕೆರೆಯ ಕೆಲಸದಲ್ಲಿ ಮುಳುಗಿದ ಸಿದ್ಧರಾಮನನ್ನು ಅಲ್ಲಮ ಕೆಣಕುವ ಪ್ರಸಂಗ ಹೀಗೆ ಕಟ್ಟಿದ್ದೇ. ಆದರೆ ಅಲ್ಲಿ ಬೆಸೆದವನ ನಿಲುವು ನಡುನಡುವಿನ ಗದ್ಯದಲ್ಲಿ ಕಾಣುತ್ತದೆ; ಅದರೊಡನೆ ವಾದಕ್ಕಿಳಿಯಬಹುದು. ಹುಡುಕಾಟದ ಪಟ್ಟಿಯೊಡನೆ ವಾದವೆಂತು? ಆ ವಚನಗಳು ಒಂದೆಡೆ ಏಕೆ ಸೇರಿದವೆಂದು ಕೇಳುವ ಹೊಣೆ ಈಗ ಓದುಗನದೇ.

ಗಡಿಭಾಗದ ವಿದ್ಯಾರ್ಥಿಗೆ ಇನ್ನೊಂದು ತೊಡಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಮೊಬೈಲಿನಲ್ಲಿ ಮಾತ್ರ ಎರಡಕ್ಕೂ ರೋಮನ್ ಲಿಪಿ. ಅದರಲ್ಲಿ ‘ಕಲೆ’ಗೂ ‘ಕಳೆ’ಗೂ ಒಂದೇ ಬರಹ. ಎರಡೂ ಭಾಷೆಗಳು ಜೋಪಾನ ಮಾಡಿಕೊಂಡು ಬಂದ ಳಕಾರವನ್ನು ಬೆರಳು ಮರೆಯುತ್ತಿದೆ. (ಮಾತನಾಡುವಾಗ ನಾಲಗೆ ತಪ್ಪುವುದಿಲ್ಲ, ಅದೇ ಸೋಜಿಗ.) ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡವನೂ ಹೀಗೆಯೇ ಬರೆಯುತ್ತ ಹೋದರೆ, ಸಾವಿರಾರು ವಚನಗಳು ಅಂಗೈಯಲ್ಲಿದ್ದರೂ ತನಗೆ ಬೇಕಾದ ಪದವನ್ನು ಯಾವ ಅಕ್ಷರದಿಂದ ಹುಡುಕಬೇಕೆಂದು ತಡವರಿಸುತ್ತಾನೆ.