ಯಾವ ಕಂಪನಿ ಉಳಿದೀತು, ಯಾವುದು ಅಳಿದೀತು?

ಅಶೋಕಪುರಂನ ಟೀ ಅಂಗಡಿಗಳಲ್ಲಿ ಈಗ ಚುನಾವಣೆಗಿಂತ ಹೆಚ್ಚು ಮಾತಿಗೆ ಬರುವ ವಿಷಯವೊಂದಿದೆ. ಸಾಲ ಮಾಡಿ ಮಗನನ್ನೋ ಮಗಳನ್ನೋ ಇಂಜಿನಿಯರಿಂಗ್ ಓದಿಸಿದವರು, ಯಾವ ಕಂಪನಿ ಇನ್ನು ಹತ್ತು ವರ್ಷ ಬಾಳೀತು, ಯಾವುದು ಬಾಗಿಲು ಹಾಕೀತು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ. ಷೇರು ಪೇಟೆಯ ಜೋಯಿಸರು ಇದಕ್ಕೆ ದಿನಕ್ಕೊಂದು ಉತ್ತರ ಕೊಡುತ್ತಾರೆ. ಅವರದು ಷೇರಿನ ಬೆಲೆಯ ಲೆಕ್ಕ. ದುಡಿಯುವವನ ಲೆಕ್ಕ, ಅವನಿಗೆ ಕಡ ಕೊಟ್ಟ ಅಂಗಡಿಯವನ ಲೆಕ್ಕ ಬೇರೆ.

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಊರಿನ ಇನ್ಫೋಸಿಸ್ ಆವರಣದಿಂದ ತರಬೇತಿಯಲ್ಲಿದ್ದ ಯುವಕ ಯುವತಿಯರನ್ನು ಕಳುಹಿಸಿಬಿಟ್ಟರು. ಮುನ್ನೂರಕ್ಕೂ ಮೇಲ್ಪಟ್ಟು ಎಂದು ಕಂಪನಿಯೇ ಒಪ್ಪಿತು. ಏಳು ನೂರು ಎಂದು ನೌಕರರ ಸಂಘಟನೆ ಹೇಳಿತು. ಒಳಪರೀಕ್ಷೆಯಲ್ಲಿ ಮೂರು ಸಲ ತೇರ್ಗಡೆಯಾಗಲಿಲ್ಲವೆಂಬುದು ಕಾರಣ. ಇವರಲ್ಲಿ ಬಹಳ ಮಂದಿ 2022ರಲ್ಲಿ ನೇಮಕದ ಪತ್ರ ಪಡೆದು, ಎರಡು ವರ್ಷ ಕಾದು, 2024ರಲ್ಲಿ ಒಳಗೆ ಕಾಲಿಟ್ಟವರು. ಕಂಪನಿಗೇನೂ ನಷ್ಟವಾಗಿರಲಿಲ್ಲ. ಅದು ಚೆನ್ನಾಗಿಯೇ ಇತ್ತು, ಇದೆ. ಕಂಪನಿ ಬಾಳುವುದೇ ಒಂದು, ಅದರೊಳಗೆ ನಮ್ಮ ಮಕ್ಕಳು ಬಾಳುವುದೇ ಇನ್ನೊಂದು ಎಂಬುದು ಅಂದು ಎಲ್ಲರಿಗೂ ಕಾಣಿಸಿತು.

ಮೈಸೂರಿನ ಹಿರಿಯರಿಗೆ ಇದು ಹೊಸ ಪಾಠವಲ್ಲ. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ತೆರೆದಾಗ, ಅದೇ ಅಂದಿನ ಹೊಸ ತಂತ್ರವಿದ್ಯೆ. ಜೆಕೊಸ್ಲೊವಾಕಿಯದ ವಿನ್ಯಾಸ, ನಮ್ಮವರ ಕೈ. ಜಾವಾದಲ್ಲಿ ಕೆಲಸವೆಂದರೆ ಹೆಣ್ಣು ಕೊಡುವವರು ಎರಡನೆಯ ಮಾತು ಆಡುತ್ತಿರಲಿಲ್ಲ. 1985ರಲ್ಲಿ ಹೀರೋ ಹೋಂಡಾದವರು ಕಡಿಮೆ ಪೆಟ್ರೋಲು ಕುಡಿಯುವ ಫೋರ್ ಸ್ಟ್ರೋಕ್ ಗಾಡಿ ತಂದರು. ತೊಂಬತ್ತರ ದಶಕದಲ್ಲಿ ಹೊಗೆಯ ಮೇಲೆ ಕಾನೂನು ಬಿಗಿಯಾಯಿತು. ಜಾವಾದವರು ಹಳೆಯ ಟೂ ಸ್ಟ್ರೋಕ್ ಯಂತ್ರವನ್ನೇ ನಂಬಿ ಕೂತರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಂದಿನ ಕಥೆಯನ್ನು ಓದುಗರು ಗಮನವಿಟ್ಟು ನೋಡಬೇಕು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಬಂತು, 2022ರಲ್ಲಿ ಯೆಜ್ದಿಯೂ ಬಂತು. ಆದರೆ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರಿಗೆ ಪುನರ್ಜನ್ಮವಾಯಿತು, ಯಾದವಗಿರಿಯಲ್ಲಿ ಅದನ್ನು ಕಟ್ಟಿದ ಕೈಗಳಿಗೆ ಕರೆ ಬರಲಿಲ್ಲ.

ಇದು ಖಾಸಗಿ ರಂಗದ ದೋಷ ಮಾತ್ರವೆಂದು ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನ ಎಚ್.ಎಂ.ಟಿ. ಸರ್ಕಾರದ್ದೇ ಆಗಿತ್ತು. ದೇಶದ ಮೊದಲ ಕ್ವಾರ್ಟ್ಜ್ ಗಡಿಯಾರವನ್ನು 1981ರಲ್ಲಿ ಮಾಡಿದ್ದು ಅದೇ ಕಂಪನಿ. ಆದರೂ ಕೀಲಿ ಕೊಡುವ ಗಡಿಯಾರವನ್ನು ಬಿಡಲಾರದೆ, ಆ ದಶಕದ ಕೊನೆಗೆ ಹೊಸೂರಿನಿಂದ ಹೊರಟ ಟೈಟನ್ನಿಗೆ ಪೇಟೆಯನ್ನು ಬಿಟ್ಟುಕೊಟ್ಟಿತು. 2016ರಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಮುಚ್ಚಲು ಒಪ್ಪಿತು. ಅಮೆರಿಕದ ಕೊಡಾಕ್ ಕಂಪನಿಯದೂ ಇದೇ ಗೋಳು: ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲೇ ತನ್ನ ಪ್ರಯೋಗಶಾಲೆಯಲ್ಲಿ ಮಾಡಿ, ಫಿಲ್ಮಿನ ಲಾಭದ ಮೋಹ ಬಿಡದೆ, 2012ರಲ್ಲಿ ದಿವಾಳಿಯ ಅರ್ಜಿ ಹಾಕಿತು. ಹೊಸ ವಿದ್ಯೆ ಗೊತ್ತಿಲ್ಲದೆ ಹಾಳಾದವರಿಗಿಂತ ಗೊತ್ತಿದ್ದೂ ಹಾಳಾದವರೇ ಹೆಚ್ಚೆಂದು ನಮಗೆ ತೋರುತ್ತದೆ. ಹಾಗೆ ಹಾಳುಮಾಡಿದ ತೀರ್ಮಾನವನ್ನು ಎಲ್ಲಿಯೂ ಯಂತ್ರದ ಮುಂದೆ ನಿಂತವನು ಮಾಡಲಿಲ್ಲ.

ಇನ್ನು ಉಳಿದದ್ದೇನು? ಅಶೋಕಪುರಂನ ರೈಲ್ವೆ ಕಾರ್ಯಾಗಾರವನ್ನೇ ನೋಡಿ. 1924ರಲ್ಲಿ ಸಂಸ್ಥಾನದ ರೈಲಿಗಾಗಿ ಕಟ್ಟಿದ್ದು. ಉಗಿಯ ಎಂಜಿನ್ ಹೋಯಿತು, ಮೀಟರ್ ಗೇಜ್ ಹೋಯಿತು. ಕಾರ್ಯಾಗಾರ ಹೋಗಲಿಲ್ಲ, ಈಗ ಬ್ರಾಡ್ ಗೇಜ್ ಬೋಗಿಗಳ ದುರಸ್ತಿ ನಡೆದಿದೆ. ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ 1912ರದು, ಅದೂ ಇದೆ. ತಂತ್ರ ಬದಲಾದಾಗ ಹಳಬರಿಗೇ ಹೊಸ ಕೆಲಸ ಕಲಿಸಿ ಉಳಿಸಿಕೊಳ್ಳುವುದು ಆಗದ ಮಾತಲ್ಲ ಎನ್ನುವುದಕ್ಕೆ ಕಾರ್ಯಾಗಾರಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಭವಿಷ್ಯ ಹೇಳಿ ಎಂದರೆ, ಹೇಳುತ್ತೇವೆ. ತಪ್ಪಾದರೆ ಹತ್ತು ವರ್ಷದ ಮೇಲೆ ಈ ಹಾಳೆಯನ್ನು ತಂದು ನಮ್ಮ ಮುಂದಿಡಿ.

ತಲೆ ಎಣಿಸಿ ಪರದೇಶದ ಗಿರಾಕಿಗೆ ಕೆಲಸಗಾರರನ್ನು ಒದಗಿಸುವ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಅಳಿಯಲಾರವು. ಅವುಗಳ ಬಳಿ ಹಣವಿದೆ, ಹಳೆಯ ಗಿರಾಕಿಗಳಿದ್ದಾರೆ. ಆದರೆ ಹತ್ತು ಮಂದಿಯ ಕೆಲಸವನ್ನು ಕೃತಕ ಬುದ್ಧಿಯ ಯಂತ್ರದ ಸಹಾಯದಿಂದ ಆರು ಮಂದಿ ಮಾಡುವ ಕಾಲ ಬರುತ್ತಿದೆ. ಉಳಿದ ನಾಲ್ವರ ಸಂಬಳ ನಮ್ಮ ಬೀದಿಗೆ ಬಾರದು. ಟಿ.ಸಿ.ಎಸ್. 2025ರ ಜುಲೈಯಲ್ಲಿ ಸುಮಾರು 12,000 ಮಂದಿಯನ್ನು ಬಿಡುವುದಾಗಿ ಸಾರಿದ್ದು ಇದರ ಮೊದಲ ಗಂಟೆ.

ಲಾಭ ಕಾಣದೆ, ಹೂಡಿದವರ ಹಣದಿಂದಲೇ ಜಾಹೀರಾತು ಹೊಡೆಯುವ ಕಂಪನಿಗಳು ಮೊದಲು ಹೋಗುತ್ತವೆ. ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯದೆಂದು ಮೆರೆಯಿತು. ಎರಡೇ ವರ್ಷದಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಾದ 158 ಕೋಟಿ ರೂಪಾಯಿಯ ತಗಾದೆಯ ಮೇಲೆ ಬೆಂಗಳೂರಿನ ನ್ಯಾಯಮಂಡಳಿ ಅದನ್ನು ದಿವಾಳಿ ವಿಚಾರಣೆಗೆ ಎಳೆಯಿತು.

ಎಲೆಕ್ಟ್ರಾನಿಕ್ ಬಿಡಿಭಾಗ, ಚಿಪ್ಪು ಮಾಡುವವರು ಸದ್ಯಕ್ಕೆ ಬೆಳೆಯುತ್ತಾರೆ. 1988ರಲ್ಲಿ ಮೈಸೂರಿನಲ್ಲೇ ಹುಟ್ಟಿದ ಕೇನ್ಸ್ ಕಂಪನಿಯ ಚಿಪ್ಪು ಘಟಕಕ್ಕೆ 2024ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಘಟಕ ಮಾತ್ರ ಗುಜರಾತಿನ ಸಾಣಂದದಲ್ಲಿ. ಇಂಥ ಯೋಜನೆಗಳ ಅರ್ಧ ವೆಚ್ಚ ಕೇಂದ್ರದ ಬೊಕ್ಕಸದ್ದು. ಅದರಲ್ಲಿ ನೀವು ಬೆಂಕಿಪೊಟ್ಟಣಕ್ಕೆ ಕೊಟ್ಟ ತೆರಿಗೆಯೂ ಸೇರಿದೆ. ಯಾರು ಬದುಕಬೇಕೆಂಬುದನ್ನು ಹೀಗೆ ಸರ್ಕಾರವೇ ಆರಿಸುವುದಾದರೆ, ಎಷ್ಟು ಕಾಯಂ ಕೆಲಸ, ಎಷ್ಟು ವರ್ಷಕ್ಕೆ, ಎಂಬ ಷರತ್ತನ್ನು ಮೊದಲೇ ಬರೆಸಿಕೊಳ್ಳಲು ಏನು ಅಡ್ಡಿ?

ಕಂಪನಿ ಸತ್ತ ದಿನ ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ಜೋಯಿಸರು ಮುಟ್ಟದ ಪ್ರಶ್ನೆ. 2016ರ ದಿವಾಳಿ ಸಂಹಿತೆಯಂತೆ, ಕಂಪನಿಯನ್ನು ಮುರಿದು ಮಾರಿದಾಗ, ವಿಚಾರಣೆಯ ಖರ್ಚು ಕಳೆದು, ಕಾರ್ಮಿಕನಿಗೆ ಕೊನೆಯ 24 ತಿಂಗಳ ಬಾಕಿ ಮಾತ್ರ ಬ್ಯಾಂಕಿನ ಸಮಕ್ಕೆ ಸಲ್ಲುತ್ತದೆ. ಇತರ ನೌಕರರಿಗೆ ಅದರ ಕೆಳಗೆ, 12 ತಿಂಗಳದು. ಕ್ಯಾಂಟೀನಿಗೆ ತರಕಾರಿ, ಕಚೇರಿಗೆ ಕಾಗದ ಒದಗಿಸಿದ ವರ್ತಕ ಸಾಲದವರ ಸಾಲಿನಲ್ಲಿ ಕಟ್ಟಕಡೆಗೆ, ಸರ್ಕಾರದ ತೆರಿಗೆಗಿಂತಲೂ ಹಿಂದೆ. ಕಾರ್ಮಿಕನ ಮನೆಗೆ ತಿಂಗಳ ಅಕ್ಕಿ ಬೇಳೆ ಕಡ ಕೊಟ್ಟವನಿಗಂತೂ ಆ ಸಾಲಿನಲ್ಲಿ ಜಾಗವೇ ಇಲ್ಲ. ಅವನ ಕಡ ತೀರಬೇಕಾದರೆ ಕಾರ್ಮಿಕನ ಕೂಲಿ ಬರಬೇಕು. ಈ 24 ತಿಂಗಳ ಗಡುವನ್ನು ತೆಗೆದುಹಾಕಿ, ಸಣ್ಣ ವರ್ತಕನನ್ನು ಸಾಲಿನಲ್ಲಿ ಮೇಲಕ್ಕೆ ತರಬೇಕೆಂಬುದು ನಮ್ಮ ಒತ್ತಾಯ. ಮಿಲ್ಲಿನ ಕಾರ್ಮಿಕನೂ ಅಂಗಡಿಯವನೂ ಇದನ್ನು ಕೂಡಿಯೇ ಕೇಳಬೇಕು.

ಕಾನೂನು ಬದಲಾಗುವ ತನಕ ಒಂದು ಕೆಲಸವನ್ನು ಇಂದೇ ಮಾಡಬಹುದು. ಕಂಪನಿಯ ಮೇಲೆ ದಿವಾಳಿ ಅಧಿಕಾರಿ ನೇಮಕವಾದ ಮೇಲೆ ಬಾಕಿಯ ಹಕ್ಕು ಸಲ್ಲಿಸಲು ಪ್ರಕಟಣೆಯಲ್ಲಿ ಕೊಡುವ ಗಡುವು 14 ದಿನ. ಸರಕು ಕೊಟ್ಟವರು ಬಿ ನಮೂನೆ, ಕಾರ್ಮಿಕರು ಡಿ ನಮೂನೆ ತುಂಬಬೇಕು. ಎಲ್ಲರ ಪರವಾಗಿ ಸಂಘದ ಪ್ರತಿನಿಧಿ ಇ ನಮೂನೆ ಕೊಡಬಹುದು. ಸಂಬಳದ ಚೀಟಿಯನ್ನೂ ಸಹಿ ಬಿದ್ದ ಬಿಲ್ಲನ್ನೂ ತಿಂಗಳು ತಿಂಗಳೂ ಎತ್ತಿಡಿ.