ಹಳೆಯ ಲೆಕ್ಕ, ಹೊಸ ಫೋನು

ಸಂಘದ ಹಳೆಯ ಡಾಸ್ ಲೆಕ್ಕದ ಪ್ರೋಗ್ರಾಮನ್ನು ಮೊಬೈಲಿನಲ್ಲೇ ನಡೆಸಬಾರದೇಕೆ ಎಂದು ಕೆಲವು ಸದಸ್ಯ ಬಾಂಧವರು ಕೇಳುತ್ತಿದ್ದಾರೆ. ನಡೆಸಬಹುದು. 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರಿಗೆ ಆಂಡ್ರಾಯ್ಡ್ ರೂಪಗಳೂ ಇವೆ. ಫೋನಿನ ಆರ್ಮ್ ಚಿಪ್ಪಿಗೆ ಇಂಟೆಲ್ ಚಿಪ್ಪಿನ ಭಾಷೆ ಬಾರದು. ಎಮ್ಯುಲೇಟರ್ ನಡುವೆ ನಿಂತು ಆಜ್ಞೆಗಳನ್ನು ತರ್ಜುಮೆ ಮಾಡುತ್ತದೆ. ಹಳೆಯ ಪ್ರೋಗ್ರಾಮು ಹಗುರವಾದ್ದರಿಂದ ಈ ದುಬಾಷಿ ಕೆಲಸ ಇಂದಿನ ಫೋನಿಗೆ ಭಾರವಲ್ಲ. (ಪುಟ್ಟ ಪರದೆಯಲ್ಲಿ ಎಫ್-10 ಕೀ ಹುಡುಕುವುದೇ ಭಾರ!)

ಆದರೆ ಡಾಸ್‌ಬಾಕ್ಸ್ ಮುಖ್ಯವಾಗಿ ಆಟಗಳಿಗಾಗಿ ಹುಟ್ಟಿದ್ದು. ಮೂಲ ಡಾಸ್‌ಬಾಕ್ಸಿನಲ್ಲಿ ರಶೀದಿ ಅಚ್ಚುಹಾಕುವ ಏರ್ಪಾಡೇ ಇಲ್ಲ. ಹಳೆಯ ಅಡಿಕೆ ಪಟ್ಟಿ, ಕಾಫಿ ಮುಂಗಡದ ಬಾಕಿ ನೋಡಲು ಅದು ಸಾಕು. ಹೊಸ ಜಮಾ-ಖರ್ಚು ಬರೆಯಲು ಸಲ್ಲದೆಂಬುದು ನಮ್ಮ ಖಚಿತ ಅಭಿಪ್ರಾಯ. ಒಂದೇ ಖಾತೆಗೆ ಕಚೇರಿಯಲ್ಲೊಂದು, ಜೇಬಿನಲ್ಲೊಂದು ಬಾಕಿ ಇದ್ದರೆ ಮಹಾಸಭೆಯಲ್ಲಿ ಯಾವುದನ್ನು ಓದೋಣ? ಕೇಳಿದವರಿಗೆ ಅವರವರ ಖಾತೆಯ ಪ್ರತಿ ಕೊಡೋಣ. ಬರವಣಿಗೆ ಕಚೇರಿಯಲ್ಲೇ ನಡೆಯಲಿ.